ಗೋಡೆಗೆ ಕಾಣುವ ಮಗ್ಗುಲು

ಮೊದಲು ತುಕ್ಕು ಬೇಕು.
ಭದ್ರಾವತಿಯಲ್ಲಿ ಅದಕ್ಕೇನು ಬರ!
ನಮ್ಮ ಕ್ವಾರ್ಟರ್ಸಿನ ಹಿತ್ತಿಲು ಕೆದಕಿದರೆ
ಎರೆಹುಳಕ್ಕಿಂತ ಮೊದಲು ಮೊಳೆ ಸಿಗುತ್ತದೆ.
ಬೋಲ್ಟು, ವಾಷರು, ಹಿಡಿ ಕಳಚಿದ ಕತ್ತಿಯ ಅಲಗು
ಉಪ್ಪಿನಕಾಯಿ ಭರಣಿಗೆ ಹಾಕಿ
ಒಂದಚ್ಚು ಬೆಲ್ಲ, ಮುಳುಗುವಷ್ಟು ನೀರು.
ಹದಿನೈದು ದಿನ ಅದು ತನ್ನಷ್ಟಕ್ಕೆ ಗೊಣಗುತ್ತಿರುತ್ತದೆ.

ಪೊನ್ನುರಂಗಂ ಮೂಗು ಹಿಡಿದುಕೊಂಡೇ ಕೇಳಿದ:
"ಮೂವತ್ತೊಂದು ವರ್ಷ ನನ್ನ ಅಂಗಿಯಿಂದ
ಈ ಕಲೆ ಹೋಗಲೆಂದು ತಿಕ್ಕಿದವಳು,
ಈಗ ನೀನೇ ಕಲೆ ಮಾಡುತ್ತೀಯೇನೇ?"

ಹೌದು. ನಾಲ್ಕಡಿ ಅಗಲ, ಆರಡಿ ಉದ್ದ.
ಶಿವಮೊಗ್ಗದ ಹಲ್ಲಿನ ಡಾಕ್ಟರಮ್ಮನ ಹೊಸ ಗೋಡೆಗೆ.
"ಬಾಯಿ ತೆರೆದು ಒರಗಿದವರಿಗೆ
ನೋಡಲಿಕ್ಕೆ ಏನಾದರೂ ಬೇಕು, ಆಂಟಿ.
ಹಸಿರಾಗಿರಲಿ."

ಹಸಿರೆಲೆ ಹಸಿರು ಕೊಡುವುದಿಲ್ಲ
ಎಂದು ಅವಳಿಗೆ ಹೇಳಲಿಲ್ಲ.

ಅಳಲೆಕಾಯಿ ಜಜ್ಜಿ ನೆನೆಸಿದ ನೀರಲ್ಲಿ
ಹಳೆ ಪಂಚೆ ಅದ್ದಿ, ನೆರಳಲ್ಲಿ ಒಣಗಿಸಿ,
ಎಲೆಗಳನ್ನು ತುಕ್ಕುನೀರಿಗೆ ತಾಗಿಸಿ
ಬೆನ್ನು ಕೆಳಗಾಗಿ ಹರವಬೇಕು.
ಅಚ್ಚು ಬೀಳುವುದು ಬೆನ್ನಿನದು,
ನರ ಎದ್ದ ಕಡೆಯದು.
ಆಮೇಲೆ ಕೊಳವೆಯ ತುಂಡಿಗೆ ಸುತ್ತಿ
ಉಸಿರು ಕಟ್ಟುವಷ್ಟು ಸುತಲಿ ಬಿಗಿದು
ಅಡುಗೆಯಿಂದ ನಿವೃತ್ತಿಯಾದ ಇಡ್ಲಿ ಪಾತ್ರೆಯಲ್ಲಿ
ಎರಡು ತಾಸು ಹಬೆ.

ಬಿಚ್ಚುವಾಗ ಕೈ ಸುಟ್ಟಿತು. ಕಾಯಲಾಗಲಿಲ್ಲ.

ಮತ್ತಿ, ಮಸಿ.
ತೇಗದ ಚಿಗುರು ಜಗಿದ ವೀಳ್ಯದ ಹಾಗೆ ಹರಡಿಕೊಂಡಿತ್ತು.
ಜರಿಗಿಡ ತನ್ನ ಹಲ್ಲನ್ನೆಲ್ಲ ಎಣಿಸಿ ಒಪ್ಪಿಸಿತ್ತು.
ಹರಳೆಲೆಯೊಂದರಲ್ಲಿ
ಹುಳ ತಿಂದ ತೂತೂ ಚೊಕ್ಕವಾಗಿ ಬಿದ್ದಿತ್ತು,
ತಿಂದ ಹುಳದ ಪರವಾಗಿ ಒಂದು ಸಹಿ.
ಮತ್ತೆ ನೀಲಗಿರಿ,
ನೆಲದ ನೀರು ಕುಡಿಯಿತೆಂದು ಊರೆಲ್ಲ ಶಪಿಸುವ ನೀಲಗಿರಿ,
ತುಕ್ಕು ಸೋಕಿಸದೆಯೇ
ಕುಲುಮೆಯಿಂದ ಆಗಷ್ಟೇ ತೆಗೆದ ಕೆಂಪು.
ಇಷ್ಟು ಚೆನ್ನಾಗಿ ಬಂದದ್ದಕ್ಕೆ
ನನಗೆ ಸ್ವಲ್ಪ ಸಿಟ್ಟೇ ಬಂತು.

ಯಾಕೆಂದರೆ ಸುರಗಿ ಬರಲಿಲ್ಲ.
ಮಂಡಗದ್ದೆಯಲ್ಲಿ ಬಸ್ಸು ಕೆಟ್ಟು ನಿಂತಾಗ ಕಿತ್ತು
ಒದ್ದೆ ಕರವಸ್ತ್ರದಲ್ಲಿ ಮಡಿಲಲ್ಲಿಟ್ಟು ತಂದದ್ದು.
ಮೂರು ಸಲ ಬೇಯಿಸಿದೆ. ಮೂರು ಸಲವೂ ಬರಿ ಬಟ್ಟೆ.
ದಪ್ಪ ಚರ್ಮದ್ದು, ಗುಟ್ಟು ಬಿಡದ್ದು.
ಆ ಚೌಕವನ್ನು ನಡುವೆ ಖಾಲಿಯಾಗಿಯೇ ಸೇರಿಸಿದೆ.

ಹೊಲಿಗೆಗೆ ದ್ಯಾಮವ್ವ ಬಂದಳು, ಕುಂದಗೋಳದ ಕಡೆಯವಳು,
ಕೌದಿಯ ಹೊಲಿಗೆ ಅವಳ ಬೆರಳಿನ ಓಟ.
ಗೋಡೆಗೆ ತೂಗುಹಾಕುವ ಕೌದಿ ಎಂದದ್ದಕ್ಕೆ
ಬಿದ್ದು ಬಿದ್ದು ನಕ್ಕಳು:
"ಗ್ವಾಡಿಗೂ ಥಂಡಿ ಆಗ್ತದೇನವ್ವಾ?"

ಹಿಂಬದಿಗೆ ಏನು ಹಾಕಲಿ ಎಂದಾಗ
ಟ್ರಂಕಿನಿಂದ ಅವನ ನೀಲಿ ಯೂನಿಫಾರ್ಮು ತೆಗೆದೆ, ಐದು ಜೊತೆ.
ಮೊಣಕೈ ಸವೆದದ್ದು, ಕಿಡಿ ಹಾರಿ ಚುಕ್ಕಿ ಬಿದ್ದದ್ದು,
ತಿಕ್ಕಿ ತಿಕ್ಕಿ ನಾನೇ ಸೋತ ಕಲೆಗಳದ್ದು.
ಬಿಚ್ಚಿದೆ, ಕತ್ತರಿಸಿದೆ.
ಒಂದು ಜೇಬನ್ನು ಮಾತ್ರ ದ್ಯಾಮವ್ವ ಬಿಚ್ಚಗೊಡಲಿಲ್ಲ.
ಹಾಗೇ ಮೂಲೆಗೆ ಕೂರಿಸಿ, ಒಂದು ಹಿಡಿ ಅಕ್ಕಿ ಸುರಿದು,
ಬಾಯಿ ಹೊಲಿದಳು.
"ಹೊಟ್ಟಿ ಖಾಲಿ ಇಟ್ಟು ಕೌದಿ ಮುಗಸಬಾರ್ದು."
ಹುಳ ಬಿದ್ದರೆ?
"ಅದಕ್ಕೂ ಹೊಟ್ಟಿ ಅದ ಅಲ್ಲ."

ಡಾಕ್ಟರಮ್ಮ ಹಸಿರಿನ ಮಾತೆತ್ತಲಿಲ್ಲ.
ಖಾಲಿ ಚೌಕದ ಮುಂದೆ ನಿಂತು
"ಇದು ಯಾವ ಎಲೆ?" ಎಂದಳು.
ಸುರಗಿ, ಎಂದೆ.
ಇರಬಹುದು ಎನ್ನುವಂತೆ ತಲೆ ಹಾಕಿದಳು.

ಕಳೆದ ಬುಧವಾರ ಅದೇ ಕುರ್ಚಿಯಲ್ಲಿ ಪೊನ್ನುರಂಗಂ,
ದವಡೆ ಹಲ್ಲು ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ.
ಮಾತಿಲ್ಲ. ಕಣ್ಣು ಮಾತ್ರ ಕೌದಿಯ ಮೇಲೆ
ಮತ್ತಿ ದಾಟಿ, ಜರಿ ದಾಟಿ,
ಆ ಹಾಳು ನೀಲಗಿರಿಯನ್ನೂ ದಾಟಿ ಇಳಿಯಿತು.
ಬೆರಳೆತ್ತಿ ಕೆಳಗಿನ ಎಡಮೂಲೆ ತೋರಿಸಿದ,

ಈ ಕಡೆಯಿಂದ ನೋಡಿದರೆ
ಸ್ವಲ್ಪವೇ ಉಬ್ಬಿರುವ ಜಾಗ.